ಗ್ರಿಪ್ಪು ಶೋಕಿಗಲ್ಲ

ನಮ್ಮ ಕಾಲೇಜಿನ ಪಾರ್ಕಿಂಗ್ ಶೆಡ್‌ನಲ್ಲಿ ಒಂದು ರೌಂಡ್ ಹಾಕಿ ನೋಡಿ. ಬೈಕು ಯಾವುದೇ ಇರಲಿ, ಎಷ್ಟು ಕೈ ದಾಟಿ ಬಂದಿರಲಿ, ಓನರ್ ಮೊದಲು ಬದಲಾಯಿಸಿರೋದು ಹ್ಯಾಂಡಲ್ ಗ್ರಿಪ್. ಕೆಂಪು, ನೀಲಿ, ಗಿಳಿಹಸಿರು, ತುದಿಯಲ್ಲಿ ಅಲ್ಯೂಮಿನಿಯಂ ಹೊಳೆಯೋದು, ಸ್ಪಂಜಿನ ಹಾಗೆ ಮೆತ್ತಗಿರೋದು, ಎಲ್ಲಾ ಥರದ್ದೂ ಸಿಗುತ್ತೆ. ಕಾರಣ ಸಿಂಪಲ್. ಸೈಲೆನ್ಸರ್ ಬದಲಾಯಿಸೋಕೆ ದುಡ್ಡು ಬೇಕು, ಮೇಲೆ ಪೊಲೀಸರ ಭಯ ಬೇರೆ. ಗ್ರಿಪ್‌ಗಾದರೆ ನೂರೈವತ್ತು ಇನ್ನೂರು ರೂಪಾಯಿ ಸಾಕು. ಎರಡು ದಿನ ಕ್ಯಾಂಟೀನ್ ಕಡೆ ಹೋಗದಿದ್ದರೆ ಬೈಕಿಗೆ ಹೊಸ ಲುಕ್ಕು.

ನಾವೂ ಅದನ್ನೇ ಮಾಡಿದವರು. ನಾವು ಅಂದ್ರೆ ಹಾಸ್ಟೆಲ್‌ನ ಒಂದೇ ರೂಮಿನ ನಾಲ್ಕು ಜನ. ಮೂವರು ಮೆಕ್ಯಾನಿಕಲ್, ಒಬ್ಬ ಇಸಿ. ಹಾಗಾಗಿ ಈ ಬರಹ ಅರ್ಧ ತಪ್ಪೊಪ್ಪಿಗೆ, ಅರ್ಧ ವಾದ. ನಮ್ಮ ವಾದ ಇಷ್ಟು: ಗ್ರಿಪ್ಪು ಬೈಕಿನ ಕಂಟ್ರೋಲ್‌ನ ಒಂದು ಭಾಗ. ಅದನ್ನು ಸರಿಯಾಗಿ ಬದಲಾಯಿಸೋದು ಹೇಗೆ ಅಂತ ಬೈಕ್ ಓಡಿಸೋ ಪ್ರತಿಯೊಬ್ಬ ಇಂಜಿನಿಯರಿಂಗ್ ವಿದ್ಯಾರ್ಥಿಗೂ ಗೊತ್ತಿರಬೇಕು. ಮತ್ತು ಅದನ್ನು ಕಲಿಸೋ ಜಾಗ ನಮ್ಮ ಕಾಲೇಜಿನ ವರ್ಕ್‌ಶಾಪೇ ಆಗಬೇಕು.

ಮೊದಲು ತಪ್ಪೊಪ್ಪಿಗೆ.

ಕಳೆದ ಜನವರಿಯಲ್ಲಿ ಇಂಟರ್ನಲ್ಸ್ ಮುಗಿದ ಮಾರನೇ ದಿನ ಕುಕ್ಕೆಗೆ ಹೋಗೋದು ಅಂತ ಪ್ಲಾನ್ ಆಯ್ತು. ಎರಡು ಬೈಕು, ನಾಲ್ಕು ಜನ. ಅದರಲ್ಲಿ ಒಂದು ಬೈಕಿನ ಗ್ರಿಪ್ಪು ಸವೆದು, ಅಂಟಂಟಾಗಿ, ಕೈ ಇಟ್ಟರೆ ಅಂಗೈ ಎಲ್ಲ ಕಪ್ಪಾಗ್ತಿತ್ತು. ಹಿಂದಿನ ರಾತ್ರಿ ಹೊಸ ಜೋಡಿ ತಂದ್ವಿ. ಹಳೇದನ್ನು ಹೇಗೋ ಕಿತ್ತು ಹಾಕಿದ್ವಿ. ಹೊಸದು ಮಾತ್ರ ಒಳಗೆ ಹೋಗ್ತಾನೇ ಇಲ್ಲ. ಅರ್ಧಕ್ಕೆ ಬಂದು ಕಚ್ಚಿಕೊಂಡು ನಿಂತುಬಿಡ್ತು. ತಳ್ಳಿ ತಳ್ಳಿ ಅಂಗೈ ಉರಿ ಬಂತು. ಆಗ ನಮ್ಮಲ್ಲೊಬ್ಬನಿಗೆ ಐಡಿಯಾ ಹೊಳೀತು. ರೂಮಿನ ಶೆಲ್ಫ್ ಮೇಲಿದ್ದ ಕೊಬ್ಬರಿ ಎಣ್ಣೆ ಬಾಟ್ಲಿ ತಂದು ಎರಡು ಹನಿ ಬಿಟ್ಟ. ಗ್ರಿಪ್ಪು ಸೊಯ್ ಅಂತ ಒಳಗೆ ಹೋಯ್ತು. ಎಲ್ಲರೂ ಚಪ್ಪಾಳೆ ಹೊಡೆದ್ವಿ. ಹಾಸನದ ಜನವರಿ ಚಳಿಯಲ್ಲಿ ಹಾಸ್ಟೆಲ್ ಸುತ್ತ ಒಂದು ಟೆಸ್ಟ್ ರೈಡೂ ಆಯ್ತು. ಗ್ರಿಪ್ಪು ಗಟ್ಟಿಯಾಗೇ ಇತ್ತು.

ಬೆಳಿಗ್ಗೆ ಐದೂವರೆಗೆ ಹೊರಟು, ಸಕಲೇಶಪುರ ದಾಟಿ, ಶಿರಾಡಿ ಘಾಟಿ ಇಳಿದು, ಗುಂಡ್ಯದಲ್ಲಿ ಎಡಕ್ಕೆ ತಿರುಗಿ ಕುಕ್ಕೆ ಸೇರಿದ್ವಿ. ಏನೂ ತೊಂದರೆ ಆಗಲಿಲ್ಲ. ದರ್ಶನ ಆಯ್ತು, ಊಟ ಆಯ್ತು. ಮಧ್ಯಾಹ್ನ ಎರಡರ ಬಿಸಿಲಲ್ಲಿ ವಾಪಸು ಹೊರಟ್ವಿ. ಘಾಟಿ ಹತ್ತುವಾಗ ಮುಂದೆ ಒಂದು ಟ್ಯಾಂಕರ್ ತೆವಳ್ತಾ ಹೋಗ್ತಿತ್ತು. ಒಂದು ಕಡೆ ರಸ್ತೆ ಸ್ವಲ್ಪ ನೇರ ಕಂಡಿತು. ಓವರ್‌ಟೇಕ್ ಮಾಡೋಕೆ ಬಲಕ್ಕೆ ಬಂದು ರೇಸ್ ಕೊಟ್ಟರೆ ಕೈ ತಿರುಗ್ತಿದೆ, ಗ್ರಿಪ್ಪು ತಿರುಗ್ತಿದೆ, ಇಂಜಿನ್ ಮಾತ್ರ ಸುಮ್ಮನೆ ಇಳೀತಿದೆ. ಇನ್ನೂ ತಿರುಗಿಸಿದರೆ ಇನ್ನೂ ಇಳೀತು. ಟ್ಯಾಂಕರ್‌ನ ಮಧ್ಯಭಾಗದ ಪಕ್ಕದಲ್ಲಿದ್ದೀವಿ, ಎದುರಿನ ತಿರುವಿನಲ್ಲಿ ಬಸ್ಸು ಕಾಣಿಸ್ತು. ಓಡಿಸ್ತಿದ್ದವನು ಬ್ರೇಕ್ ಹಿಡಿದು, ಟ್ಯಾಂಕರ್ ಮುಂದೆ ಹೋಗೋಕೆ ಬಿಟ್ಟು, ಅದರ ಹಿಂದೆ ನುಸುಳಿದ. ಬಸ್ಸು ಹಾರ್ನ್ ಹೊಡೆದುಕೊಂಡು ಪಕ್ಕದಲ್ಲೇ ಹೋಯ್ತು. ಘಾಟಿಯಲ್ಲಿ ಓವರ್‌ಟೇಕ್ ಮಾಡೋಕೆ ಹೋಗಿದ್ದೇ ತಪ್ಪು, ಒಪ್ಪಿಕೊಳ್ತೀವಿ. ಆದರೆ ಹಿಂದೆ ಕೂತಿದ್ದವನ ಕೈ ಹಾಸನ ಬರೋವರೆಗೂ ನಡುಗ್ತಾ ಇತ್ತು ಅನ್ನೋದನ್ನೂ ಇಲ್ಲಿ ದಾಖಲಿಸ್ತೀವಿ.

ರಸ್ತೆ ಬದಿಗೆ ನಿಲ್ಲಿಸಿ ನೋಡಿದ್ವಿ. ಬಲಗಡೆಯ ಗ್ರಿಪ್ಪು ಬಾಟ್ಲಿ ಮುಚ್ಚಳದ ಹಾಗೆ ಸುತ್ತ ತಿರುಗ್ತಿತ್ತು. ಒಳಗಿಂದ ಕೊಬ್ಬರಿ ಎಣ್ಣೆ ವಾಸನೆ. ಆಮೇಲೆ ಲೆಕ್ಕ ಹೊಂದಿಕೆಯಾಯ್ತು: ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತೆ, ಅದರ ಮೇಲೆ ಕರಗುತ್ತೆ. ಚಳಿಗಾಲದಲ್ಲಿ ಬಾಟ್ಲಿ ಬಿಸಿಲಿಗೆ ಇಡೋರಿಗೆಲ್ಲ ಇದು ಗೊತ್ತು. ಹಾಸನದ ರಾತ್ರಿ ಟೆಸ್ಟ್ ರೈಡ್‌ನಲ್ಲಿ ಅದು ಮೇಣದ ಹಾಗೆ ಹಿಡಿದುಕೊಂಡಿತ್ತು. ಘಟ್ಟದ ಕೆಳಗಿನ ಮಧ್ಯಾಹ್ನದಲ್ಲಿ ಎಣ್ಣೆ ಎಣ್ಣೆಯೇ ಆಯ್ತು. ತಪ್ಪು ಕಂಡೀಷನ್‌ನಲ್ಲಿ ಟೆಸ್ಟ್ ಮಾಡಿ ಪಾಸ್ ಅಂತ ಬರೆದುಕೊಂಡವರು ನಾವು. ಗ್ರಿಪ್ಪು ಕಿತ್ತು, ಕರ್ಚೀಫಿನಿಂದ ಒರೆಸಿ, ಬರೀ ಪ್ಲಾಸ್ಟಿಕ್ ಪೈಪ್ ಹಿಡಿದುಕೊಂಡೇ ನಿಧಾನವಾಗಿ ವಾಪಸು ಬಂದ್ವಿ.

ನಾಚಿಕೆ ಆಗಿದ್ದು ಆಮೇಲೆ. ಯಾಕಂದ್ರೆ ಇದರ ಹಿಂದಿರೋ ಪಾಠ ನಾವು ಓದಿ ಪಾಸಾದದ್ದೇ. ಗ್ರಿಪ್‌ನ ತೂತು ಪೈಪ್‌ಗಿಂತ ಸ್ವಲ್ಪ ಚಿಕ್ಕದಿರುತ್ತೆ. ತೂರಿಸಿದಾಗ ರಬ್ಬರ್ ಹಿಗ್ಗುತ್ತೆ, ಮತ್ತೆ ಕುಗ್ಗೋಕೆ ನೋಡ್ತಾ ಪೈಪನ್ನು ಸುತ್ತಲಿಂದ ಒತ್ತಿ ಹಿಡಿಯುತ್ತೆ. ಇದು ಇಂಟರ್‌ಫಿಯರೆನ್ಸ್ ಫಿಟ್, ಹೂಪ್ ಸ್ಟ್ರೆಸ್ ಪಾಠದ ತಮ್ಮ. ಆ ಒತ್ತಡವನ್ನು ರಬ್ಬರ್ ಮುಟ್ಟಿಕೊಂಡಿರೋ ವಿಸ್ತೀರ್ಣದಿಂದ ಗುಣಿಸಿ, ಆಮೇಲೆ ಮ್ಯೂನಿಂದ, ಆಮೇಲೆ ಪೈಪ್‌ನ ರೇಡಿಯಸ್‌ನಿಂದ ಗುಣಿಸಿ. ಬರೋದೇ ಗ್ರಿಪ್ಪು ಜಾರದೆ ತಡೆದುಕೊಳ್ಳೋ ಟಾರ್ಕ್. ಬಲಗಡೆ ಪೈಪ್ ಸುಮಾರು 25 ಮಿ.ಮೀ. ವ್ಯಾಸ, ಗ್ರಿಪ್ಪು ಸುಮಾರು 120 ಮಿ.ಮೀ. ಉದ್ದ ಅಂದುಕೊಂಡರೆ ಮುಟ್ಟಿಕೊಂಡಿರೋ ಜಾಗ ಸುಮಾರು 94 ಚದರ ಸೆಂಟಿಮೀಟರ್. ಒತ್ತಡ, ವಿಸ್ತೀರ್ಣ, ರೇಡಿಯಸ್ ಎಲ್ಲಾ ಹಾಗೇ ಇದ್ದವು. ನಾವು ಎರಡು ಹನಿ ಎಣ್ಣೆ ಬಿಟ್ಟು ಮ್ಯೂ ಒಂದನ್ನೇ ಕೊಂದು ಹಾಕಿದ್ವಿ. ಈ ಫಾರ್ಮುಲಾ ಪರೀಕ್ಷೆಯಲ್ಲಿ ಬಂದಿದ್ದರೆ ನಾಲ್ವರೂ ಬರೀತಿದ್ವಿ. ರಾತ್ರಿ ಹತ್ತು ಗಂಟೆಗೆ ಎಣ್ಣೆ ಬಾಟ್ಲಿ ಕೈಯಲ್ಲಿದ್ದಾಗ ಒಬ್ಬನಿಗೂ ಹೊಳೀಲಿಲ್ಲ.

ಮಾರನೇ ದಿನ ಗೇಟ್ ಎದುರಿನ ಗ್ಯಾರೇಜಿಗೆ ಹೋದ್ವಿ. ಕಥೆ ಕೇಳಿ ಗ್ಯಾರೇಜಿನ ಅಣ್ಣ ಬೈಯಲಿಲ್ಲ, ನಕ್ಕರು. "ಎಣ್ಣೆ ಹಾಕಿದ್ರೆ ಒಳಗೆ ಹೋಗೋದೂ ಸುಲಭ, ಹೊರಗೆ ಬರೋದೂ ಸುಲಭ ಕಣ್ರಪ್ಪಾ" ಅಂದ್ರು. ನಮ್ಮ ಅರ್ಧ ಪುಟದ ಡೆರಿವೇಶನ್ ಅಷ್ಟರಲ್ಲೇ ಮುಗಿದಿತ್ತು. "ನೀವೇ ಹಾಕಿ, ನಾನು ನೋಡ್ತೀನಿ" ಅಂತ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂತ್ರು. ಆ ಮುಕ್ಕಾಲು ಗಂಟೆಯಲ್ಲಿ ಕಲಿತದ್ದನ್ನು, ಆಮೇಲೆ ಓದಿ ಸೇರಿಸಿಕೊಂಡದ್ದನ್ನು, ಇಲ್ಲಿ ಹೇಳ್ತೀವಿ. ಯಾಕಂದ್ರೆ ಇಷ್ಟು ಸಣ್ಣ ಕೆಲಸದಲ್ಲೂ ಎಷ್ಟು ಯೋಚನೆ ಇದೆ ಅಂತ ತೋರಿಸದೆ ನಮ್ಮ ವಾದ ನಿಲ್ಲಲ್ಲ.

ಮೊದಲನೇದು, ಎಡದ ಗ್ರಿಪ್ಪು ಬೇರೆ, ಬಲದ ಗ್ರಿಪ್ಪು ಬೇರೆ. ನಮ್ಮ ಹೆಚ್ಚಿನ ಬೈಕುಗಳಲ್ಲಿ ಹ್ಯಾಂಡಲ್ ಪೈಪ್ ಸುಮಾರು 22 ಮಿ.ಮೀ. ಎಡಗಡೆ ಗ್ರಿಪ್ಪು ನೇರ ಅದರ ಮೇಲೆ ಕೂರುತ್ತೆ. ಬಲಗಡೆ ಮಾತ್ರ ನಡುವೆ ಆಕ್ಸಿಲರೇಟರ್ ಪೈಪ್ ಇದೆ. ಅದಕ್ಕೇ ಬಲದ ಗ್ರಿಪ್‌ನ ತೂತು ದೊಡ್ಡದು. ಎರಡನ್ನೂ ಅದಲು ಬದಲು ಮಾಡಿ ಎಣ್ಣೆ ಹಾಕಿ ತೂರಿಸೋರೂ ಇದ್ದಾರೆ. ಕೆಲವು ಬೈಕಿನ ಆಕ್ಸಿಲರೇಟರ್ ಪೈಪ್ ಮೇಲೆ ಉಬ್ಬು ಗೆರೆಗಳಿರುತ್ತವೆ, ಕಂಪನಿ ಗ್ರಿಪ್‌ನ ಒಳಗೆ ಅದಕ್ಕೆ ಸರಿಯಾದ ಗಾಡಿ ಇರುತ್ತೆ. ಹೊರಗಿನ ಗ್ರಿಪ್ಪು ಅದಕ್ಕೆ ಹೊಂದದೇ ಹೋಗಬಹುದು. ಬಣ್ಣ ನೋಡೋ ಮೊದಲು ಅಳತೆ ನೋಡಬೇಕು.

ಎರಡನೇದು, ತೆಗೆಯೋದು. ತುದಿಯಲ್ಲಿ ಬಾರ್ ಎಂಡ್ ವೇಟ್ ಇದ್ದರೆ ಮೊದಲು ಅದರ ಸ್ಕ್ರೂ ಬಿಚ್ಚಬೇಕು. ಹಳೇ ಗ್ರಿಪ್ಪು ಬಿಸಾಕೋದೇ ಆದರೆ ಬ್ಲೇಡಿನಿಂದ ಉದ್ದಕ್ಕೆ ಸೀಳಿದರೆ ಸಾಕು. ಆದರೆ ಬ್ಲೇಡು ಮೈಯಿಂದ ಆಚೆ ಕಡೆಗೆ ಹೋಗಬೇಕು, ಕೆಳಗಿರೋ ಪ್ಲಾಸ್ಟಿಕ್ ಪೈಪ್‌ಗೆ ಗೀರು ಬೀಳಬಾರದು. ಉಳಿಸಿಕೊಳ್ಳಬೇಕಾದರೆ ಪಂಕ್ಚರ್ ಅಂಗಡಿಗೆ ಹೋಗಿ. ಕಂಪ್ರೆಸರ್ ಗಾಳಿಯನ್ನು ಗ್ರಿಪ್‌ನ ಅಂಚಿನಿಂದ ಒಳಗೆ ಬಿಟ್ಟರೆ ರಬ್ಬರ್ ಬಲೂನಿನ ಹಾಗೆ ಉಬ್ಬಿ ತಾನೇ ಜಾರಿ ಬರುತ್ತೆ. ಕಣ್ಣಿಗೆ ಕನ್ನಡಕ ಇರಲಿ.

ಮೂರನೇದು, ಹಾಕೋದು. ಪೈಪ್ ಮೇಲಿನ ಹಳೇ ಗಮ್ಮು, ಕೊಳೆ, ಎಡಗಡೆ ತುಕ್ಕಿದ್ದರೆ ಅದೂ, ಎಲ್ಲಾ ಹೋಗಿ ಒಣಗಿರಬೇಕು. ಜಾರಿಸೋಕೆ ಏನಾದರೂ ಬೇಕೇ ಬೇಕು, ಅದು ನಿಜ. ಆದರೆ ಆ ಜಾರೋ ವಸ್ತು ಕೆಲಸ ಮುಗಿದ ಮೇಲೆ ಅಲ್ಲಿ ಉಳೀಬಾರದು. ಇಡೀ ವಿಷಯದ ಸಾರ ಇದೇ ಒಂದು ಸಾಲು. ಇಸಿ ಲ್ಯಾಬ್‌ನಲ್ಲಿ ಪಿಸಿಬಿ ಒರೆಸೋಕೆ ಬಳಸೋ ಐಪಿಎ ಇದಕ್ಕೆ ಹೇಳಿ ಮಾಡಿಸಿದ್ದು. ಒದ್ದೆ ಇದ್ದಾಗ ಜಾರಿಸುತ್ತೆ, ಆಮೇಲೆ ಆವಿಯಾಗಿ ಹೋಗುತ್ತೆ. ಬೆಂಕಿ ಹತ್ತೋ ವಸ್ತು, ಹಾಗಾಗಿ ಬಿಸಿ ಸೈಲೆನ್ಸರ್ ಪಕ್ಕ, ಸಿಗರೇಟ್ ಪಕ್ಕ ಬೇಡ. ಕೆಲವರು ಹೇರ್ ಸ್ಪ್ರೇ ಹಾಕ್ತಾರೆ. ಅದು ಒದ್ದೆ ಇದ್ದಾಗ ಜಾರುತ್ತೆ, ಒಣಗಿದಾಗ ಅಂಟುತ್ತೆ, ಆದ್ದರಿಂದ ಅದೂ ನಡೆಯುತ್ತೆ. ಗ್ರಿಪ್‌ಗಂತಲೇ ಬರೋ ಗಮ್ಮು ಇನ್ನೂ ಒಳ್ಳೇದು. ಗ್ರೀಸು, ಇಂಜಿನ್ ಆಯಿಲ್, ಕೊಬ್ಬರಿ ಎಣ್ಣೆ ಯಾವುದೂ ಬೇಡ. ಸ್ಯಾನಿಟೈಸರ್ ಕೂಡ ಬೇಡ, ಕೈ ಒಣಗದಿರಲಿ ಅಂತ ಅದರಲ್ಲಿ ಸಾಮಾನ್ಯವಾಗಿ ಗ್ಲಿಸರಿನ್ ಸೇರಿಸಿರ್ತಾರೆ, ಅದು ಆರಿ ಹೋಗಲ್ಲ. ಹಾಕಿದ ಮೇಲೆ ರಾತ್ರಿಯೆಲ್ಲ ಹಾಗೇ ಬಿಡಿ. ಟ್ರಿಪ್ಪಿಗೆ ಹೋಗೋ ಹಿಂದಿನ ರಾತ್ರಿ ಈ ಕೆಲಸಕ್ಕೆ ಕೈ ಹಾಕಲೇಬೇಡಿ.

ನಾಲ್ಕನೇದು, ಅಣ್ಣ ಎರಡೆರಡು ಸಲ ಹೇಳಿದ್ದು. ಬಲಗಡೆ ಗ್ರಿಪ್‌ನ ತುದಿಗೂ ಬಾರ್ ಎಂಡ್ ವೇಟ್‌ಗೂ ನಡುವೆ ಒಂದೆರಡು ಮಿ.ಮೀ. ಸಂದು ಇರಲೇಬೇಕು. ತಾಗಿಕೊಂಡರೆ ತಿರುಗಿಸಿದ ಗ್ರಿಪ್ಪು ವಾಪಸು ಬರುವಾಗ ಉಜ್ಜುತ್ತೆ. ಬಿಟ್ಟ ಮೇಲೂ ಇಂಜಿನ್ ಎಳೀತಾನೇ ಇರುತ್ತೆ. ನಮಗಾದದ್ದು ರೇಸ್ ಏರದ ತೊಂದರೆ. ಇದು ರೇಸ್ ಇಳಿಯದ ತೊಂದರೆ, ತಿರುವಿನಲ್ಲಿ ಇನ್ನೂ ಕೆಟ್ಟದ್ದು. ಅದಕ್ಕೇ ಕೊನೆಯಲ್ಲಿ ಒಂದು ಪರೀಕ್ಷೆ: ಇಂಜಿನ್ ಆಫ್ ಇರೋವಾಗ ಹ್ಯಾಂಡಲ್ ಪೂರ್ತಿ ಎಡಕ್ಕೆ, ನೇರಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ, ಮೂರೂ ಕಡೆ ಗ್ರಿಪ್ಪು ಪೂರ್ತಿ ತಿರುಗಿಸಿ ಬಿಟ್ಟುಬಿಡಿ. ಟಪ್ ಅಂತ ತಾನೇ ವಾಪಸು ಬರಬೇಕು. ನಿಧಾನಕ್ಕೆ ಬಂದರೆ ಬೈಕ್ ಹೊರಗೆ ತೆಗೀಬೇಡಿ. ಓಡಿಸುವಾಗಲೇ ಹೀಗೆ ಆದರೆ ಕ್ಲಚ್ ಹಿಡಿದು, ಕಿಲ್ ಸ್ವಿಚ್ ಇದ್ದರೆ ಅದನ್ನು ಒತ್ತಿ, ಬ್ರೇಕ್ ಹಾಕಿ ಪಕ್ಕಕ್ಕೆ ಬನ್ನಿ.

ಇಷ್ಟು ಓದಿ ನಿಮ್ಮಲ್ಲಿ ಕೆಲವರು ಕೇಳ್ತೀರಿ: "ಗ್ಯಾರೇಜಿನಲ್ಲಿ ಐವತ್ತು ರೂಪಾಯಿ ಕೊಟ್ಟರೆ ಹಾಕಿಕೊಡ್ತಾರಪ್ಪ, ನಾವ್ಯಾಕೆ ಕಷ್ಟಪಡಬೇಕು?" ಒಳ್ಳೇ ಪ್ರಶ್ನೆ. ನಾವೇನೂ ಗ್ಯಾರೇಜಿಗೆ ಹೋಗಬೇಡಿ ಅಂತಿಲ್ಲ. ಇಂಜಿನ್ ಬಿಚ್ಚೋದು, ಡಿಸ್ಕ್ ಬ್ರೇಕ್ ಕೆಲಸ, ಇವೆಲ್ಲ ಬಲ್ಲವರ ಕೈಯಲ್ಲೇ ಇರಲಿ. ಗ್ರಿಪ್ಪು ಮೊದಲ ಪಾಠಕ್ಕೆ ಸರಿಯಾದ ಕೆಲಸ. ಸಾಮಾನು ಅಗ್ಗ, ಒಂದು ಸ್ಕ್ರೂ ಡ್ರೈವರ್ ಒಂದು ಬ್ಲೇಡು ಸಾಕು, ತಪ್ಪಾದರೆ ನಿಂತ ಬೈಕಿನಲ್ಲೇ ಗೊತ್ತಾಗುತ್ತೆ, ಸರಿಯಾಗಿ ಹುಡುಕಿದರೆ. ಒಂದು ಸಲ ಕೈಯಾರೆ ಮಾಡಿದವನು ಗ್ಯಾರೇಜಿಗೆ ಹೋದರೂ ಸರಿಯಾದ ಪ್ರಶ್ನೆ ಕೇಳ್ತಾನೆ. "ಅಣ್ಣಾ, ಒಳಗೆ ಏನು ಹಾಕಿದ್ರಿ? ಸಂದು ಬಿಟ್ಟಿದ್ದೀರಾ?" ಅಂತ ಕೇಳೋಕೆ ಗೊತ್ತಿರೋದೇ ಅರ್ಧ ಸುರಕ್ಷತೆ.

ಇನ್ನು ಕೆಲವರು, "ನಾವು ಸಿಎಸ್, ನಮಗ್ಯಾಕೆ ಇದು?" ಅಂತೀರಿ. ಬೈಕಿಗೆ ನೀವು ಯಾವ ಬ್ರಾಂಚ್ ಅಂತ ಗೊತ್ತಿಲ್ಲ. ಸ್ಕೂಟರ್ ಓಡಿಸೋ ನಮ್ಮ ಕ್ಲಾಸಿನ ಹುಡುಗಿಯರೂ ಇದನ್ನು ಓದಬೇಕು. ಸ್ಕೂಟರ್‌ನ ಗ್ರಿಪ್ಪೂ ಇದೇ ಜಾತಿ. ಮತ್ತೆ ಅಂಗಡಿಯಲ್ಲಿ ದಪ್ಪ ಗ್ರಿಪ್ಪು ಚೆನ್ನಾಗಿ ಕಂಡರೂ ಕೈ ಚಿಕ್ಕದಿದ್ದವರಿಗೆ ಅದರ ಮೇಲಿಂದ ಬ್ರೇಕ್ ಲಿವರ್‌ಗೆ ಬೆರಳು ಎಟುಕೋದು ಕಷ್ಟ. ಹಳೇ ಗ್ರಿಪ್ ಮೇಲೆ ಹಾಕಿಕೊಳ್ಳೋ ಕವರ್‌ಗಳದ್ದೂ ಇದೇ ಕಥೆ: ದಪ್ಪವೂ ಹೌದು, ಜಾರೋಕೆ ಇನ್ನೊಂದು ಪದರವೂ ಹೌದು. ಸ್ಪಂಜಿನ ಗ್ರಿಪ್ಪು ಮಲೆನಾಡಿನ ಮಳೆಯಲ್ಲಿ ನೀರು ಕುಡಿದು ಕೂರುತ್ತೆ.

"ಹಳೇದು ಇನ್ನೂ ಇದೆಯಲ್ಲ, ಯಾಕೆ ಬದಲಾಯಿಸಬೇಕು?" ಅನ್ನೋರಿಗೂ ಒಂದು ಮಾತು. ರಬ್ಬರ್‌ಗೂ ವಯಸ್ಸಾಗುತ್ತೆ. ಗಂಧಕ ಸೇರಿಸಿ ಬಿಸಿ ಮಾಡಿ ರಬ್ಬರ್ ಗಟ್ಟಿಗೊಳಿಸೋ ವಿಧಾನಕ್ಕೆ ಚಾರ್ಲ್ಸ್ ಗುಡ್‌ಇಯರ್ 1844ರಲ್ಲಿ ಪೇಟೆಂಟ್ ಪಡೆದ. ಹಾಗೆ ಗಟ್ಟಿಯಾದ ರಬ್ಬರನ್ನೂ ಬಿಸಿಲು, ಗಾಳಿಯ ಓಜೋನ್, ಕೈ ಬೆವರು, ಪೆಟ್ರೋಲು ಮೆಲ್ಲಗೆ ತಿನ್ನುತ್ತವೆ. ಒಂದೋ ಗಟ್ಟಿಯಾಗಿ ಬಿರುಕು ಬಿಡುತ್ತೆ, ಇಲ್ಲಾ ಅಂಟಂಟಾಗುತ್ತೆ. ಗಟ್ಟಿಯಾದ ಗ್ರಿಪ್ಪು ಇಂಜಿನ್ನಿನ ಅದುರನ್ನು ಹಾಗೇ ಕೈಗೆ ದಾಟಿಸುತ್ತೆ. ಒಂದೇ ಸಿಲಿಂಡರಿನ ಇಂಜಿನ್ 6000 ಆರ್‌ಪಿಎಂನಲ್ಲಿ ಅಂದ್ರೆ ಸೆಕೆಂಡಿಗೆ 100 ಸಲ ಅದುರುತ್ತೆ. ತುದಿಯ ಬಾರ್ ಎಂಡ್ ವೇಟ್ ಇರೋದೂ ಅದಕ್ಕೇ: ತೂಕ ಸೇರಿಸಿ ಹ್ಯಾಂಡಲ್‌ನ ಸಹಜ ಕಂಪನಾಂಕವನ್ನು ಇಂಜಿನ್ನಿನ ಕಂಪನದಿಂದ ದೂರ ಸರಿಸೋಕೆ. ವೈಬ್ರೇಶನ್ಸ್ ಪೇಪರ್ ಬರೆದ ಸೀನಿಯರ್‌ಗಳೇ ಲುಕ್ ಚೆನ್ನಾಗಿಲ್ಲ ಅಂತ ಅದನ್ನು ಬಿಚ್ಚಿ ಡ್ರಾಯರ್‌ನಲ್ಲಿ ಇಟ್ಟಿರೋದು ನಾವು ನೋಡಿದ್ದೀವಿ.

ಕೈಯಾರೆ ರಿಪೇರಿ ಮಾಡೋದು ನಮ್ಮ ನಾಡಿಗೆ ಹೊಸದಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಆದರೆ ಅಲ್ಲಿ ತಯಾರಾದ ಜಾವಾ, ಯೆಜ್ಡಿಗಳು ಇವತ್ತೂ ಮೈಸೂರು, ಬೆಂಗಳೂರಿನ ರಸ್ತೆಗಳಲ್ಲಿ ಓಡ್ತಿವೆ. ಕಂಪನಿ ಸರ್ವೀಸ್ ಸೆಂಟರ್ ನಂಬಿಕೊಂಡಿದ್ದರೆ ಅವು ಎಂದೋ ಗುಜರಿ ಸೇರ್ತಿದ್ದವು. ಅವನ್ನು ಉಳಿಸಿದ್ದು ಸ್ಪ್ಯಾನರ್ ಹಿಡಿಯೋಕೆ ನಾಚದ ಓನರ್‌ಗಳು ಮತ್ತು ಅವರಿಗೆ ಕಲಿಸಿದ ಗ್ಯಾರೇಜಿನ ಮೇಷ್ಟ್ರುಗಳು. ಅವರಲ್ಲಿ ಎಷ್ಟೋ ಜನ ಇಂಜಿನಿಯರಿಂಗ್ ಓದಿದವರಲ್ಲ. ಓದ್ತಿರೋ ನಾವು ಗ್ರಿಪ್ಪಿಗೆ ಎಣ್ಣೆ ಹಚ್ಚಿದ್ವಿ.

ಇದರಲ್ಲಿ ನಮ್ಮ ತಪ್ಪು ದೊಡ್ಡದು, ಆದರೆ ಪೂರ್ತಿ ನಮ್ಮದೊಂದೇ ಅಲ್ಲ. ವರ್ಕ್‌ಶಾಪ್‌ನಲ್ಲಿ ನಾವೆಲ್ಲ ಫೈಲ್ ಹಿಡಿದು ಎಂಎಸ್ ಪ್ಲೇಟ್ ಉಜ್ಜಿ ಉಜ್ಜಿ ಜಾಯಿಂಟ್ ಮಾಡಿದ್ದೀವಿ. ಆ ಪ್ಲೇಟ್ ಮಾರ್ಕ್ಸ್ ಬಿದ್ದ ಮೇಲೆ ಸ್ಕ್ರ್ಯಾಪ್ ಡಬ್ಬಕ್ಕೆ ಹೋಯ್ತು. ಅದು ಬೇಡ ಅಂತ ನಾವು ಹೇಳ್ತಿಲ್ಲ, ಕೈಗೆ ಅಳತೆ ಕಲಿಸೋದು ಅದೇ. ಅದರ ಜೊತೆಗೆ ನಾವು ದಿನಾ ಕೂತು ಓಡಿಸೋ ವಾಹನದ ಒಂದು ಕೆಲಸವನ್ನೂ ಸೇರಿಸಿ ಅಂತ ಕೇಳ್ತಿದ್ದೀವಿ. ಫಿಟ್ ಅಂದ್ರೇನು, ಫ್ರಿಕ್ಷನ್ ಅಂದ್ರೇನು, ಟೆಸ್ಟ್ ಕಂಡೀಷನ್ ಅಂದ್ರೇನು, ಮೂರೂ ಒಂದೇ ಗಂಟೆಯಲ್ಲಿ ಕೈಗೆ ಅರ್ಥ ಆಗುತ್ತೆ.

ಹಾಗಾಗಿ ನಮ್ಮ ಬೇಡಿಕೆ ಎರಡು. ಮೊದಲನೇದು ಡಿಪಾರ್ಟ್‌ಮೆಂಟ್‌ಗೆ: ಸೆಮಿಸ್ಟರ್‌ಗೆ ಒಂದು ಶನಿವಾರ ವರ್ಕ್‌ಶಾಪ್ ಬಾಗಿಲು ಎಲ್ಲಾ ಬ್ರಾಂಚ್‌ಗೂ ತೆರೆಯಿರಿ. ಗೇಟ್ ಎದುರಿನ ಗ್ಯಾರೇಜಿನ ಅಣ್ಣನನ್ನು ಅತಿಥಿಯಾಗಿ ಕರೆಯಿರಿ, ಅವರಿಗೆ ಗೌರವಧನ ಕೊಡಿ. ಸರ್ಟಿಫಿಕೇಟ್ ಬೇಕಾಗಿಲ್ಲ. ಎರಡನೇದು ನಮ್ಮ ಕನ್ನಡ ಸಂಘಕ್ಕೆ: ಆ ದಿನ ಹೇಳಿಕೊಟ್ಟದ್ದನ್ನು ಒಂದು ಪುಟದಲ್ಲಿ ಕನ್ನಡದಲ್ಲೇ ಬರೆದು ಪಾರ್ಕಿಂಗ್ ಶೆಡ್‌ನ ಗೋಡೆಗೆ ಅಂಟಿಸೋಣ. ಕಚ್ಚಿಕೊಳ್ಳೋದು, ಜಾರೋದು, ಉಜ್ಜೋದು, ಸಂದು ಬಿಡೋದು: ಗ್ಯಾರೇಜಿನ ಕನ್ನಡದಲ್ಲಿ ಪದಗಳಿಗೇನೂ ಬರ ಇಲ್ಲ, ಬರೆಯೋ ಕೈ ಬೇಕು ಅಷ್ಟೇ. ಸಂಘದ ಮುಂದಿನ ಮೀಟಿಂಗ್‌ಗೆ ನಾವು ನಾಲ್ವರೂ ಇದರ ಕರಡು ತರ್ತೀವಿ.

ಅಲ್ಲಿವರೆಗೂ ನೀವು ಕಾಯಬೇಕಾಗಿಲ್ಲ. ಇವತ್ತು ಸಂಜೆ ಒಂದು ಸಣ್ಣ ಕೆಲಸ ಮಾಡಿ. ನಿಮ್ಮ ಬೈಕಿನ ಬಲಗಡೆ ಗ್ರಿಪ್‌ನಿಂದ ಪಕ್ಕದ ಪ್ಲಾಸ್ಟಿಕ್ ಪೈಪ್‌ನ ಅಂಚಿಗೆ ದಾಟೋ ಹಾಗೆ ಬಿಳಿ ಮಾರ್ಕರ್‌ನಲ್ಲಿ ಒಂದು ಗೆರೆ ಎಳೀರಿ. ಕಾರ್ಖಾನೆಗಳಲ್ಲಿ ಬೋಲ್ಟ್ ಸಡಿಲ ಆಯ್ತಾ ಅಂತ ನೋಡೋಕೆ ಹೀಗೇ ಗೆರೆ ಹಾಕ್ತಾರೆ. ಒಂದು ವಾರ ಓಡಿಸಿ ನೋಡಿ. ಗೆರೆ ಒಂದೇ ಸಾಲಿನಲ್ಲಿದ್ದರೆ ಒಳ್ಳೇದು. ಎರಡು ತುಂಡಾಗಿ ಅಕ್ಕಪಕ್ಕ ಸರಿದಿದ್ದರೆ ನಿಮ್ಮ ಗ್ರಿಪ್ಪು ಜಾರ್ತಿದೆ. ಬಿಚ್ಚಿ ಮೂಸಿ ನೋಡಿ, ಕೊಬ್ಬರಿ ಎಣ್ಣೆ ವಾಸನೆ ಬಂದರೆ ನಮ್ಮ ರೂಮಿಗೆ ಬನ್ನಿ. ಬೈಯಲ್ಲ, ಕೂತು ಸರಿ ಮಾಡೋಣ.